ಆಫೀಸ್ ಕೆಲಸಕ್ಕೆ ಹೋದ ಊರನ್ನು ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿ ಕೆಲಸದ ಮೇಲೆ ಚೆನ್ನೈ, ಹೈದರಾಬಾದ್, ಮುಂಬೈ ಎಂದು ವರ್ಷವಿಡೀ ಓಡಾಡುವವರನ್ನು ಕೇಳಿ ನೋಡಿ. ಏರ್‌ಪೋರ್ಟ್, ಕ್ಯಾಬ್, ಆಫೀಸ್, ಹೋಟೆಲ್ ರೂಮ್ ಬಿಟ್ಟು ಬೇರೇನೂ ನೋಡಿಲ್ಲ ಎನ್ನುವವರೇ ಜಾಸ್ತಿ. ಅಷ್ಟು ದೂರ ಹೋಗಿ ಊರನ್ನೇ ನೋಡದೆ ವಾಪಸ್ ಬರುವುದು ನಿಜಕ್ಕೂ ಬೇಜಾರಿನ ಸಂಗತಿ. ಹಾಗಾಗದಿರಲಿ ಎಂದೇ ಈ ಪ್ರಶ್ನೋತ್ತರ. ಬೆಂಗಳೂರಿನಿಂದ ಎರಡು ಮೂರು ದಿನದ ಕೆಲಸಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಬೆಳಗ್ಗೆ ಒಂಬತ್ತೂವರೆಗೆ ಮೀಟಿಂಗ್ ಶುರು, ಸಂಜೆ ಏಳಾದರೂ ಮುಗಿಯಲ್ಲ. ಊರು ನೋಡೋಕೆ ಟೈಮ್ ಎಲ್ಲಿದೆ?

ಬೆಳಗ್ಗೆ ಆರರಿಂದ ಎಂಟೂವರೆವರೆಗೆ ಇದೆ. ಆ ಹೊತ್ತಿನಲ್ಲಿ ಯಾರೂ ನಿಮಗೆ ಫೋನ್ ಮಾಡುವುದಿಲ್ಲ, ಮೀಟಿಂಗ್ ಹಾಕುವುದಿಲ್ಲ. ರಸ್ತೆಗಳು ಖಾಲಿ, ಬಿಸಿಲಿಲ್ಲ, ಕ್ಯಾಬ್ ಬೇಗ ಸಿಗುತ್ತದೆ. ಸಂಜೆ ಒಂದೂವರೆ ಗಂಟೆ ಹಿಡಿಯುವ ದಾರಿ ಬೆಳಗ್ಗೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಕೆಲಸ ಮುಗಿದ ಮೇಲೆ ಸಮಯ ಉಳಿದರೆ ನೋಡೋಣ ಅಂದುಕೊಂಡರೆ ಅದು ಉಳಿಯುವುದೇ ಇಲ್ಲ. ಮೀಟಿಂಗ್ ಎಳೆಯುತ್ತದೆ, ಮೇಲ್ ಕಳಿಸಬೇಕಾಗುತ್ತದೆ, ಸುಸ್ತಾಗಿರುತ್ತದೆ. ಅದಕ್ಕೇ ನನ್ನ ಮಾತು ಇಷ್ಟೇ: ಊರು ನೋಡುವ ಸಮಯವನ್ನು ಟಿಕೆಟ್ ಬುಕ್ ಮಾಡುವಾಗಲೇ ಎತ್ತಿಡಬೇಕು. ಹೋದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಟಿಕೆಟ್ ಬುಕ್ ಮಾಡುವಾಗ ಏನು ನೋಡಬೇಕು?

ಹಿಂದಿನ ದಿನ ಸಂಜೆ ತಲುಪುವ ಹಾಗೆ ನೋಡಿ. ನಡುರಾತ್ರಿ ಮೂರಕ್ಕೆ ಎದ್ದು, ದೇವನಹಳ್ಳಿ ತಲುಪಿ, ಆರು ಗಂಟೆ ಫ್ಲೈಟ್ ಹಿಡಿದು ನೇರ ಮೀಟಿಂಗಿಗೆ ಹೋಗುವುದಿದೆಯಲ್ಲ, ಅದರಲ್ಲಿ ದಿನ ಉಳಿಯಿತು ಎಂದು ಅನ್ನಿಸುತ್ತದೆ ಅಷ್ಟೇ. ನಿದ್ದೆಯೂ ಹೋಯಿತು, ಆ ಊರಿನ ಬೆಳಗೂ ಹೋಯಿತು. ಹಿಂದಿನ ಸಂಜೆಯೇ ಹೋಗಿ ಮಲಗಿದರೆ ಬೆಳಗ್ಗೆ ಹೊಸ ಊರಿನಲ್ಲಿ ಎದ್ದಿರುತ್ತೀರಿ, ಮೀಟಿಂಗಿಗೂ ಚುರುಕಾಗಿ ಹೋಗುತ್ತೀರಿ. ಒಂದು ರಾತ್ರಿಯ ಹೋಟೆಲ್ ಖರ್ಚು ಯಾಕೆ ಎಂದು ಕೇಳಿದರೆ ಈ ಎರಡನೇ ಕಾರಣವನ್ನೇ ಹೇಳಿ. ಅದು ನಿಜ ಕೂಡ.

ಹೋಟೆಲ್ ಆಫೀಸಿನ ಹತ್ತಿರ ಇರಬೇಕಾ, ಊರಿನ ಮಧ್ಯೆ ಇರಬೇಕಾ?

ಟ್ರಾವೆಲ್ ಡೆಸ್ಕ್‌ನವರು ಸಾಮಾನ್ಯವಾಗಿ ಆಫೀಸ್ ಪಕ್ಕದಲ್ಲೇ ರೂಮ್ ಹಾಕುತ್ತಾರೆ. ಹೈಟೆಕ್ ಸಿಟಿ, ಒಎಂಆರ್, ಪವಾಯಿ, ಗುರುಗ್ರಾಮ, ಎಲ್ಲಿ ಹೋದರೂ ಅದೇ ಗಾಜಿನ ಕಟ್ಟಡ, ಅದೇ ಫ್ಲೈಓವರ್. ಬೆಳಗ್ಗೆ ಎದ್ದು ನಡೆಯೋಣ ಎಂದರೆ ಫುಟ್‌ಪಾತ್ ಕೂಡ ಇರುವುದಿಲ್ಲ.

ಮೆಟ್ರೋ ಅಥವಾ ಲೋಕಲ್ ರೈಲಿನ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಹೋಟೆಲ್ ಕೇಳಿ. ಬಜೆಟ್ ಮೀರದಿದ್ದರೆ ಬಹಳಷ್ಟು ಕಂಪನಿಗಳು ಬೇಡ ಅನ್ನುವುದಿಲ್ಲ. ಎರಡು ರಾತ್ರಿ ಉಳಿಯುವುದಿದ್ದರೆ ಒಂದನ್ನು ಹಳೇ ಊರಿನ ಕಡೆ, ಇನ್ನೊಂದನ್ನು ಆಫೀಸಿನ ಕಡೆ ಹಾಕಿಸಿಕೊಳ್ಳುವವರೂ ಇದ್ದಾರೆ. ಬ್ಯಾಗ್ ಕಟ್ಟಿ ಬಿಚ್ಚುವ ಕೆಲಸ ಜಾಸ್ತಿ, ನನಗೇನೋ ಅಷ್ಟು ಇಷ್ಟವಿಲ್ಲ.

ಬೆಳಗ್ಗೆ ಎದ್ದು ಓಡಾಡೋದು ನನ್ನ ಕೈಲಾಗಲ್ಲ. ಸಂಜೆ ಹೋದರೆ ಆಗಲ್ವಾ?

ಊರಿನ ಮೇಲೆ ಹೋಗುತ್ತದೆ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಸೂರ್ಯ ಎಲ್ಲ ಕಡೆ ಒಟ್ಟಿಗೆ ಹುಟ್ಟುವುದಿಲ್ಲ ಅಲ್ವಾ? ಜೂನ್ ತಿಂಗಳಲ್ಲಿ ಕೋಲ್ಕತ್ತಾದಲ್ಲಿ ಐದು ಗಂಟೆಗೆ ಮೊದಲೇ ಬೆಳಕು ಹರಿದಿರುತ್ತದೆ. ಬೆಂಗಳೂರಿನಲ್ಲಿ ಆಗ ಸೂರ್ಯೋದಯಕ್ಕೆ ಇನ್ನೂ ಒಂದು ಗಂಟೆ ಇರುತ್ತದೆ. ಡಿಸೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಸಂಜೆ ಐದಕ್ಕೇ ಕತ್ತಲು. ಅದೇ ಅಹಮದಾಬಾದಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ಸುಮಾರು ಏಳೂವರೆಗೆ.

ಹಾಗಾಗಿ ಪೂರ್ವದ ಊರುಗಳಿಗೆ ಹೋದರೆ ಬೆಳಗ್ಗೆ ಬೇಗ ಏಳಲೇಬೇಕು. ಪಶ್ಚಿಮದ ಊರುಗಳಲ್ಲಿ, ಬೇಸಿಗೆಯಲ್ಲಂತೂ, ಆಫೀಸ್ ಬಿಟ್ಟ ಮೇಲೂ ಒಂದು ಗಂಟೆ ಬೆಳಕು ಸಿಗುತ್ತದೆ. ಹೋಗುವ ಮೊದಲು ಆ ಊರಿನ ಸೂರ್ಯೋದಯ, ಸೂರ್ಯಾಸ್ತದ ಹೊತ್ತನ್ನು ಫೋನಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಒಂದು ಟ್ರಿಪ್‌ನಲ್ಲಿ ಎಷ್ಟು ಜಾಗ ನೋಡಬಹುದು?

ಒಂದು. ಅದನ್ನು ಕಾಲ್ನಡಿಗೆಯಲ್ಲಿ, ಸಾವಕಾಶವಾಗಿ ನೋಡಿ. ಪಟ್ಟಿ ಮಾಡಿಕೊಂಡು ಓಡಿದರೆ ಫೋಟೊ ಸಿಗುತ್ತದೆ, ಊರು ಸಿಗುವುದಿಲ್ಲ.

ಚೆನ್ನೈನಲ್ಲಿ ಒಂದೇ ಬೆಳಗ್ಗೆ ಇದ್ದರೆ?

ಮೈಲಾಪುರ. ಎರಡನೇ ಯೋಚನೆ ಬೇಡ.

ಟೈಡಲ್ ಪಾರ್ಕ್, ತರಮಣಿ ಕಡೆ ಆಫೀಸ್ ಇರುವವರಿಗೆ ಇದು ಸುಲಭ. ವೇಲಚೇರಿಯಿಂದ ಬರುವ ಎಂಆರ್‌ಟಿಎಸ್ ರೈಲು ಆ ಕಡೆಯಿಂದಲೇ ಹಾದು ಹೋಗುತ್ತದೆ. ತಿರುಮಯಿಲೈ ಸ್ಟೇಷನ್ನಿನಲ್ಲಿ ಇಳಿದರೆ ಕಪಾಲೀಶ್ವರ ದೇವಸ್ಥಾನ ನಡೆಯುವಷ್ಟೇ ದೂರ. ಆರು, ಆರೂಕಾಲಿಗೆ ಅಲ್ಲಿದ್ದರೆ ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳು ಆಗಷ್ಟೇ ಏಳುತ್ತಿರುತ್ತವೆ. ನೀರು ಚಿಮುಕಿಸಿದ ಹೊಸ್ತಿಲ ಮುಂದೆ ಹೆಂಗಸರು ಬಗ್ಗಿ ಕೋಲ, ಅಂದರೆ ರಂಗೋಲಿ, ಹಾಕುತ್ತಿರುತ್ತಾರೆ. ಅಕ್ಕಿಹಿಟ್ಟನ್ನು ಬೆರಳ ಸಂದಿಯಿಂದ ಬಿಡುವ ವೇಗ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಹೂವಿನವರು ಬುಟ್ಟಿ ಇಳಿಸಿ ಮಲ್ಲಿಗೆ ಕಟ್ಟಲು ಕೂತಿರುತ್ತಾರೆ. ಪೇಪರ್ ಹಾಕುವವನ ಸೈಕಲ್, ಹಾಲಿನ ಕ್ರೇಟು, ಎಲ್ಲೋ ಒಂದು ಮನೆಯಿಂದ ಸುಪ್ರಭಾತ. ಬಣ್ಣಬಣ್ಣದ ಗೊಂಬೆಗಳು ತುಂಬಿದ ಏಳು ನೆಲೆಯ ಗೋಪುರದ ಮೇಲೆ ಮೊದಲ ಬಿಸಿಲು ಬೀಳುವ ಹೊತ್ತು ಅದು. ದೇವಸ್ಥಾನದ ಹಿಂದೆ ದೊಡ್ಡ ಕೊಳ. ಅದರ ಸುತ್ತ ಒಂದು ಸುತ್ತು ಬಂದು, ಹತ್ತಿರದ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಡಬರಾ-ಲೋಟದ ಕಾಫಿ, ಇಡ್ಲಿ, ಪೊಂಗಲ್. ಎಂಟಕ್ಕೆ ಹೊರಟರೂ ಮೀಟಿಂಗಿಗೆ ತಡವಾಗುವುದಿಲ್ಲ.

ದೇವಸ್ಥಾನ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತದೆ. ಮಾರ್ಚ್-ಏಪ್ರಿಲ್ ಹೊತ್ತಿಗೆ ಪಂಗುನಿ ಉತ್ಸವ ಬರುತ್ತದೆ. ಅದರಲ್ಲಿ ಅರವತ್ತಮೂರು ನಾಯನ್ಮಾರರ (ತಮಿಳು ಶಿವಭಕ್ತರ) ಮೆರವಣಿಗೆಯ ದಿನ ಈ ಬೀದಿಗಳಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಗಡಿಬಿಡಿಯ ಟ್ರಿಪ್‌ನಲ್ಲಿ ಆ ದಿನ ಬೇಡ. ಬಿಡುವಿದ್ದರೆ ತಪ್ಪಿಸಬೇಡಿ.

ಮಧ್ಯಾಹ್ನ ಅಕಸ್ಮಾತ್ ಬಿಡುವು ಸಿಕ್ಕರೆ ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ಹೋಗಿ. 1851ರಲ್ಲಿ ಶುರುವಾದದ್ದು. ಉಳಿದದ್ದೆಲ್ಲ ಬಿಟ್ಟರೂ ಸರಿ, ಕಂಚಿನ ವಿಗ್ರಹಗಳ ಗ್ಯಾಲರಿಯಲ್ಲಿ ಒಂದು ಗಂಟೆ ಕಳೆಯಿರಿ. ಚೋಳರ ಕಾಲದ ನಟರಾಜ, ಅರ್ಧನಾರೀಶ್ವರನ ಮುಂದೆ ನಿಂತರೆ ಬೆಳಗ್ಗೆಯ ಪ್ರೆಸೆಂಟೇಷನ್ ಎಲ್ಲ ಮರೆತು ಹೋಗುತ್ತದೆ. ಶುಕ್ರವಾರ ರಜೆ.

ಹೈದರಾಬಾದ್‌ನಲ್ಲಿ ಹೈಟೆಕ್ ಸಿಟಿಯಿಂದ ಚಾರ್‌ಮಿನಾರ್‌ಗೆ ಸಂಜೆ ಹೋಗಿಬರಬಹುದಾ?

ಹೋಗಬಹುದು, ಕ್ಯಾಬ್‌ನಲ್ಲಿ ಬೇಡ. ರಾಯದುರ್ಗಂ ಅಥವಾ ಹೈಟೆಕ್ ಸಿಟಿಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟ್‌ನಲ್ಲಿ ಬದಲಾಯಿಸಿ, ಎಂಜಿಬಿಎಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಆಟೋ. 1591ರ ಚಾರ್‌ಮಿನಾರಿನ ಮೇಲೆ ಹತ್ತುವ ಹೊತ್ತು ಸಂಜೆಗೆ ಮುಗಿದಿರುತ್ತದೆ, ಚಿಂತೆಯಿಲ್ಲ. ರಾತ್ರಿ ದೀಪದಲ್ಲಿ ಕೆಳಗಿನಿಂದ ನೋಡುವುದೇ ಚಂದ. ಲಾಡ್ ಬಜಾರಿನ ಬಳೆ ಅಂಗಡಿಗಳ ಮುಂದೆ ನಡೆದು, ಇರಾನಿ ಚಹಾ ಮತ್ತು ಉಸ್ಮಾನಿಯಾ ಬಿಸ್ಕತ್ತು ತಿಂದು ವಾಪಸ್ ಬನ್ನಿ. ರಂಜಾನ್ ತಿಂಗಳಲ್ಲಾದರೆ ಈ ಬೀದಿಗಳು ಬೆಳಗಿನ ಜಾವದವರೆಗೂ ಎಚ್ಚರವಾಗಿರುತ್ತವೆ.

ಆಫೀಸ್ ಗಚ್ಚಿಬೌಲಿ ಕಡೆ ಇದ್ದರೆ ಗೋಲ್ಕೊಂಡ ಕೋಟೆ ಇನ್ನೂ ಹತ್ತಿರ. ಬಾಗಿಲ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾ ಹಿಸಾರಿನಲ್ಲಿ ಕೇಳಿಸುತ್ತದೆ. ಕೋಟೆ ಬೆಳಗ್ಗೆ ಬೇಗ ತೆರೆಯುವುದಿಲ್ಲ, ಹಾಗಾಗಿ ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮ ನೋಡುವುದೇ ಕೆಲಸದವರಿಗೆ ಅನುಕೂಲ.

ಸಾಲಾರ್ ಜಂಗ್ ಮ್ಯೂಸಿಯಂ ನೋಡಲು ಅರ್ಧ ದಿನ ಬೇಕು. ಗಂಟೆ ಬಾರಿಸಲು ಪುಟ್ಟ ಗೊಂಬೆ ಹೊರಬರುವ ಗಡಿಯಾರದ ಮುಂದೆ ಜನ ಮೊದಲೇ ಹೋಗಿ ಕೂರುತ್ತಾರೆ. ಶುಕ್ರವಾರ ಅದಕ್ಕೂ ರಜೆ.

ಮುಂಬೈಯಲ್ಲಿ ಟ್ರಾಫಿಕ್‌ನಲ್ಲೇ ದಿನ ಮುಗಿಯುತ್ತಲ್ಲ?

ರಸ್ತೆ ಬಿಟ್ಟು ರೈಲು ಹಿಡಿಯಿರಿ. ಸಂಜೆ ಇಡೀ ಮುಂಬೈ ಚರ್ಚ್‌ಗೇಟ್ ಕಡೆಯಿಂದ ಉತ್ತರಕ್ಕೆ, ಮನೆಗೆ ಹೋಗುತ್ತಿರುತ್ತದೆ. ನೀವು ಅಂಧೇರಿಯಿಂದ ದಕ್ಷಿಣಕ್ಕೆ ಹೋಗುವವರು. ನಿಮ್ಮ ದಿಕ್ಕಿನ ಲೋಕಲ್‌ನಲ್ಲಿ ನೂಕುನುಗ್ಗಲು ಕಡಿಮೆ. ವಾಪಸ್ ಬರುವಾಗ ಒಂಬತ್ತೂವರೆ ದಾಟಲಿ. ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಕೆಲಸವಿದ್ದರೆ ನೆಲದಡಿಯ ಮೆಟ್ರೋ 3ನೇ ಲೈನ್ ಇದೆ. ಬಿಕೆಸಿಯಲ್ಲಿ ಹತ್ತಿದರೆ ನೇರ ಸಿಎಸ್‌ಎಂಟಿ, ಹುತಾತ್ಮ ಚೌಕ್, ಚರ್ಚ್‌ಗೇಟ್.

ಇಳಿದು ಓವಲ್ ಮೈದಾನದ ಮಧ್ಯೆ ನಿಲ್ಲಿ. ಒಂದು ಕಡೆ ಹೈಕೋರ್ಟ್, ರಾಜಾಬಾಯಿ ಗೋಪುರ, ವಿಶ್ವವಿದ್ಯಾಲಯದ ಚೂಪು ಕಮಾನಿನ ಕಲ್ಲಿನ ಕಟ್ಟಡಗಳು. ಇನ್ನೊಂದು ಕಡೆ 1930ರ ದಶಕದ ದುಂಡು ಮೂಲೆಯ, ತೆಳು ಬಣ್ಣದ ಆರ್ಟ್ ಡೆಕೊ ಮನೆಗಳು. ನಡುವೆ ಹುಡುಗರ ಕ್ರಿಕೆಟ್. ಈ ಎರಡೂ ಸಾಲುಗಳನ್ನು ಸೇರಿಸಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಅಲ್ಲಿಂದ ಹತ್ತು ನಿಮಿಷ ನಡೆದರೆ ಮರೀನ್ ಡ್ರೈವ್, ಸೂರ್ಯ ಸಮುದ್ರಕ್ಕೆ ಇಳಿಯುವ ಹೊತ್ತು.

ಮನೆ ಊಟ ನೆನಪಾದರೆ ಮಾಟುಂಗಾಕ್ಕೆ ಹೋಗಿ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ ಎದುರಿಗೇ ರಾಮ ನಾಯಕರ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಿಂದ ಬಾಳೆ ಎಲೆ ಊಟ ಹಾಕುತ್ತಿದೆ. ಕರಾವಳಿಯಿಂದ ಹೋದ ನಮ್ಮ ಜನ ಆ ಊರಿಗೆ ಇಡ್ಲಿ-ದೋಸೆ ತಿನ್ನಿಸಿದ ಕಥೆಯೆಲ್ಲ ಈ ಬೀದಿಗಳಲ್ಲೇ ಇದೆ. ಮೈಸೂರು ಅಸೋಸಿಯೇಷನ್ನೂ ಇಲ್ಲೇ. ಪಕ್ಕದ ಟೇಬಲ್‌ನಲ್ಲಿ ಕನ್ನಡವೋ ತುಳುವೋ ಕೇಳಿಸಿದರೆ ಮಾತಾಡಿಸಿ.

ಡೆಲ್ಲಿ?

ಗುರುಗ್ರಾಮದಲ್ಲಿ ಉಳಿದಿದ್ದರೆ ಯೆಲ್ಲೋ ಲೈನ್ ಮೆಟ್ರೋ ನಿಮ್ಮ ಪಾಲಿನ ಭಾಗ್ಯ. ಅದೇ ಲೈನಿನಲ್ಲಿ ಕುತುಬ್ ಮಿನಾರ್ ಸ್ಟೇಷನ್, ಮುಂದೆ ಜೋರ್ ಬಾಗ್. ಜೋರ್ ಬಾಗ್‌ನಲ್ಲಿ ಇಳಿದರೆ ಲೋಧಿ ಗಾರ್ಡನ್. ಟಿಕೆಟ್ ಇಲ್ಲ. ಸಿಕಂದರ್ ಲೋಧಿಯ ಗೋರಿ, ಬಡಾ ಗುಂಬದ್, ಶೀಶ್ ಗುಂಬದ್ ನಡುವೆ ಜನ ಬೆಳಗ್ಗೆ ವಾಕ್ ಮಾಡುತ್ತಿರುತ್ತಾರೆ, ಯೋಗ ಮಾಡುತ್ತಿರುತ್ತಾರೆ. ಐನೂರು ವರ್ಷ ಹಳೆಯ ಗೋಡೆಗೆ ಒರಗಿ ಕೂತು ಚಹಾ ಕುಡಿಯುವ ಸುಖ ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ಹುಮಾಯೂನನ ಗೋರಿ ಸೂರ್ಯೋದಯಕ್ಕೇ ತೆರೆಯುತ್ತದೆ. ಬಸ್ಸುಗಳು ಬರುವ ಮೊದಲು ಹೋದರೆ ಆ ಕೆಂಪು ಕಲ್ಲು, ಬಿಳಿ ಗುಮ್ಮಟ ನಿಮಗೊಬ್ಬರಿಗೇ. ಗುರುವಾರ ಸಂಜೆ ಬಿಡುವಿದ್ದರೆ ಪಕ್ಕದ ನಿಜಾಮುದ್ದೀನ್ ದರ್ಗಾದಲ್ಲಿ ಕವ್ವಾಲಿ ಕೇಳಿ.

ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಾತ್ರ ಈ ಯಾವ ಪ್ಲ್ಯಾನನ್ನೂ ನೆಚ್ಚಬೇಡಿ. ಮಂಜು ಮುಸುಕಿ ಎದುರಿನದೂ ಕಾಣುವುದಿಲ್ಲ, ಫ್ಲೈಟ್ ತಡವಾಗುತ್ತದೆ.

ಕೋಲ್ಕತ್ತಾಗೆ ಮೊದಲ ಸಲ ಹೋಗ್ತಿದ್ದೀನಿ. ಸೆಕ್ಟರ್ 5ರಲ್ಲಿ ಕೆಲಸ.

ಐದಕ್ಕೆ ಎದ್ದು ಕ್ಯಾಬ್ ಹಿಡಿದು ಹೌರಾ ಸೇತುವೆಗೆ ಹೋಗಿ. ಸೇತುವೆಯ ಬುಡದಲ್ಲೇ ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್. ನಮ್ಮ ಕೆ.ಆರ್. ಮಾರ್ಕೆಟ್ ಕಂಡವರಿಗೆ ಹೂವಿನ ರಾಶಿ ಹೊಸದಲ್ಲ. ಇಲ್ಲಿ ಹೊಸದು ಹೂವು ಓಡಾಡುವ ರೀತಿ. ಚೆಂಡುಹೂವಿನ ಹಾರಗಳನ್ನು ಹತ್ತಿಪ್ಪತ್ತು ಸೇರಿಸಿ ಹಗ್ಗದಂತೆ ಹೆಗಲಿಗೆ ಹೊದ್ದುಕೊಂಡು ಗಂಡಸರು ಬರುತ್ತಾರೆ. ಮುಖವಷ್ಟೇ ಕಾಣುತ್ತದೆ, ಮಿಕ್ಕಿದ್ದೆಲ್ಲ ಹಳದಿ ಕೇಸರಿ. ನಿಮ್ಮ ಮುಂದೆಯೇ ದರ ಕೂಗಿ, ಎರಡು ಮಾತಿಗೆ ಕುದುರಿ, ಹಾರ ಇನ್ನೊಬ್ಬನ ಹೆಗಲಿಗೆ ದಾಟುತ್ತದೆ. ಕಾಳಿಪೂಜೆಗೆ ಬೇಕಾದ ಕೆಂಪು ದಾಸವಾಳ, ಮೊಗ್ಗಾಗಿರುವ ತಾವರೆ, ಕೆಳಗೆ ಕೆಸರು, ಮೇಲೆ 1943ರಲ್ಲಿ ತೆರೆದ ಆ ಬೃಹತ್ ಉಕ್ಕಿನ ಸೇತುವೆ. ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ. ತಲೆಯ ಮೇಲೆ ಹೊರೆ ಇರುವವರು ನಿಲ್ಲುವ ಹಾಗಿಲ್ಲ. ಚಪ್ಪಲಿ ಕೆಸರಾಗುತ್ತದೆ, ಆಫೀಸ್ ಶೂ ಹಾಕಿಕೊಂಡು ಹೋಗಬೇಡಿ.

ಘಾಟಿನ ಮೆಟ್ಟಿಲ ಮೇಲೆ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿದು, ಸೇತುವೆಯನ್ನು ನಡೆದು ದಾಟಿ. ವಾಪಸ್ ಬರಲು ಹೌರಾದಿಂದ ಮೆಟ್ರೋ. ಹೂಗ್ಲಿ ನದಿಯ ಅಡಿಯಲ್ಲಿ ಹಾದು ನೇರ ಸೆಕ್ಟರ್ 5ಕ್ಕೆ ಬಿಡುತ್ತದೆ. ನದಿಯ ಅಡಿಯ ಈ ಓಡಾಟ 2024ರಲ್ಲಿ ಶುರುವಾಯಿತು.

ಇಂಡಿಯನ್ ಮ್ಯೂಸಿಯಂ, ವಿಕ್ಟೋರಿಯಾ ಮೆಮೋರಿಯಲ್ ಗ್ಯಾಲರಿ ಎರಡಕ್ಕೂ ಸೋಮವಾರ ರಜೆ.

ಅಹಮದಾಬಾದ್‌ನಲ್ಲಿ ನೋಡೋಕೆ ಏನಿದೆ? ಬರೀ ವ್ಯಾಪಾರದ ಊರಲ್ವಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಭಾರತದಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ನಗರ ಎಂದು ಮೊದಲು ಹೆಸರು ಪಡೆದದ್ದೇ ಅಹಮದಾಬಾದ್, 2017ರಲ್ಲಿ. ಹಳೇ ಊರಿನ ಪೋಳ್‌ಗಳೆಂಬ ಓಣಿಗಳಲ್ಲಿ ಕೆತ್ತನೆಯ ಮರದ ಮನೆಗಳು, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಕಟ್ಟಿದ ಚಬೂತರಗಳು. ಮಹಾನಗರಪಾಲಿಕೆಯ ಹೆರಿಟೇಜ್ ವಾಕ್ ಬೆಳಗ್ಗೆ ಕಾಳುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಎರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಮೀಟಿಂಗ್ ಹನ್ನೊಂದಕ್ಕೆ ಇರುವ ದಿನ ಇಟ್ಟುಕೊಳ್ಳಿ.

ಸಂಜೆಯೇ ಹೋಗುವುದಾದರೆ ಸೀದಿ ಸೈಯದ್ ಮಸೀದಿ. 1573ರ ಈ ಸಣ್ಣ ಮಸೀದಿಯ ಕಲ್ಲಿನ ಜಾಲಂಧ್ರ ರಸ್ತೆಯಿಂದಲೇ ಕಾಣುತ್ತದೆ. ಮರದ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡ ಹಾಗೆ ಕಲ್ಲನ್ನು ಕೊರೆದಿದ್ದಾರೆ. ಆಮೇಲೆ ಮಾಣೆಕ್ ಚೌಕ್. ಹಗಲು ಚಿನ್ನ-ಬೆಳ್ಳಿ ವ್ಯಾಪಾರ ನಡೆದ ಜಾಗದಲ್ಲೇ ರಾತ್ರಿ ತಿಂಡಿ ಅಂಗಡಿಗಳು ಎದ್ದಿರುತ್ತವೆ. ಮಕ್ಕಳು ಮರಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬಂದು ತಿನ್ನುತ್ತಾರೆ. ಗಾಂಧಿನಗರದ ಕಡೆ ಕೆಲಸವಿದ್ದರೆ ದಾರಿಯಲ್ಲಿ ಅಡಾಲಜ್ ಮೆಟ್ಟಿಲುಬಾವಿ ಇದೆ. 1499ರದ್ದು, ಐದು ಅಂತಸ್ತು ಕೆಳಕ್ಕೆ ಇಳಿಯುತ್ತದೆ.

ನಾನು ಐಟಿ ಅಲ್ಲ, ಬ್ಯಾಂಕ್ ಇನ್‌ಸ್ಪೆಕ್ಷನ್‌ಗೆ ಉತ್ತರ ಕರ್ನಾಟಕದ ಊರುಗಳಿಗೆ ಹೋಗ್ತೀನಿ. ನಮಗೇನಾದರೂ ಹೇಳಿ.

ನಿಮಗೇ ಜಾಸ್ತಿ ಅನುಕೂಲ. ಈ ಊರುಗಳಲ್ಲಿ ಲಾಡ್ಜಿನಿಂದ ಎಲ್ಲವೂ ಹತ್ತಿರ, ಟ್ರಾಫಿಕ್ ಕಾಟವಿಲ್ಲ. ಆಡಿಟ್‌ನವರು, ಮೆಡಿಕಲ್ ರೆಪ್‌ಗಳು, ತರಬೇತಿಗೆ ಹೋಗುವ ಮೇಷ್ಟ್ರುಗಳು ಎಲ್ಲರಿಗೂ ಇದು ಅನ್ವಯ.

ವಿಜಯಪುರದಲ್ಲಿ ಗೋಳಗುಮ್ಮಟಕ್ಕೆ ಬೆಳಗ್ಗೆ ಬೇಗ ಹೋಗಿ. ನವೆಂಬರಿನಿಂದ ಜನವರಿ ಶಾಲಾ ಪ್ರವಾಸದ ಕಾಲ. ಮಕ್ಕಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟು ಬೇರೇನೂ ಕೇಳುವುದಿಲ್ಲ. ಮೊದಲೇ ಹತ್ತಿದರೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಆಚೆ ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕಲಬುರಗಿ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ಸಾಮಾನ್ಯವಾಗಿ ಮಸೀದಿಗೆ ಇರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಪ್ರಾರ್ಥನಾ ಮಂದಿರ ಗುಮ್ಮಟಗಳ ಕೆಳಗಿದೆ. ಕಮಾನುಗಳ ಸಾಲಿನಲ್ಲಿ ನಡೆದರೆ ಹೊರಗಿನ ಬಿಸಿಲು ಗೊತ್ತೇ ಆಗುವುದಿಲ್ಲ.

ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ, 1472ರದ್ದು. ಬಣ್ಣದ ಹಂಚುಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಬಿದರಿ ಕೆಲಸದವರ ಅಂಗಡಿಯಲ್ಲಿ ಕೂತು ಬೆಳ್ಳಿ ತಂತಿ ಕೂರಿಸುವುದನ್ನು ನೋಡಿ. ಕೊನೆಯಲ್ಲಿ ಪಾತ್ರೆಯನ್ನು ಕಪ್ಪಾಗಿಸಲು ಅವರು ಹಳೇ ಕೋಟೆಯ ಮಣ್ಣನ್ನೇ ಬಳಸುತ್ತಾರೆ. ಬೆಳಗಾವಿಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಕೋಟೆಯೊಳಗೆ ಕಮಲ ಬಸದಿ, 1204ರದ್ದು. ಬಸ್ಸಿಗೆ ಒಂದು ಗಂಟೆ ಇದ್ದರೂ ಸಾಕು, ಒಳಗೆ ಹೋಗಿ ಕತ್ತೆತ್ತಿ ಛಾವಣಿ ನೋಡಿ.

ಯಾವ ದಿನ ಯಾವುದು ಮುಚ್ಚಿರುತ್ತೆ ಅಂತ ತಿಳಿಯೋದು ಹೇಗೆ?

ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ, ಕೆಲವಕ್ಕೆ ಶುಕ್ರವಾರ. ಕೆಂಪು ಕೋಟೆ ಸೋಮವಾರ ಮುಚ್ಚಿರುತ್ತದೆ, ತಾಜ್ ಮಹಲ್ ಶುಕ್ರವಾರ. ಕೆಲಸದ ಟ್ರಿಪ್ ಶುರುವಾಗುವುದು ಸಾಮಾನ್ಯವಾಗಿ ಸೋಮವಾರ, ಮುಗಿಯುವುದು ಶುಕ್ರವಾರ, ಅಲ್ಲೇ ತೊಂದರೆ. ಹೋಗುವ ಮೊದಲು ಫೋನಿನಲ್ಲಿ ನೋಡಿಕೊಳ್ಳಿ. ಬೀದಿ, ಮಾರ್ಕೆಟ್, ಕೆರೆ, ಕಡಲತೀರಕ್ಕೆ ರಜೆಯಿಲ್ಲ.

ಹೆಣ್ಣುಮಗಳು ಒಬ್ಬಳೇ ಹೊಸ ಊರಿನಲ್ಲಿ ಬೆಳಗ್ಗೆ ಆರಕ್ಕೆ ಹೊರಡೋದು ಸೇಫಾ?

ಜಾಗ ಆರಿಸುವುದರ ಮೇಲೆ ಇದೆ. ಬೆಳಗ್ಗೆಯೇ ಜನ ಇರುವ ಕಡೆ ಹೋಗಿ: ದೇವಸ್ಥಾನದ ಬೀದಿ, ಹೂವಿನ ಮಾರ್ಕೆಟ್, ವಾಕಿಂಗ್‌ಗೆ ಜನ ಬರುವ ಪಾರ್ಕ್. ಹಾಲಿನವರು, ಹೂವಿನವರು, ಮನೆ ಮುಂದೆ ರಂಗೋಲಿ ಹಾಕುವ ಹೆಂಗಸರು ಇರುವ ಬೀದಿಯಲ್ಲಿ ಧೈರ್ಯವಾಗಿ ನಡೆಯಬಹುದು. ಪಾಳು ಕೋಟೆ, ಊರ ಹೊರಗಿನ ಬೆಟ್ಟ, ಖಾಲಿ ಕಡಲತೀರ ಒಬ್ಬರೇ ಇದ್ದಾಗ ಬೇಡ.

ಕತ್ತಲಿರುವಾಗ ಹೊರಡಬೇಡಿ. ಚಳಿಗಾಲದ ಡೆಲ್ಲಿಯಲ್ಲಿ ಏಳು ದಾಟಿದ ಮೇಲೇ ಬೆಳಕು. ರಿಸೆಪ್ಷನ್ನಿನಲ್ಲಿ ಹೆಣ್ಣುಮಕ್ಕಳಿದ್ದರೆ ಅವರನ್ನು ಕೇಳಿ, “ನೀವಾದರೆ ಈ ಹೊತ್ತಲ್ಲಿ ಅಲ್ಲಿಗೆ ಹೋಗ್ತೀರಾ?” ಎಂದು. ಯಾವ ಆ್ಯಪ್‌ಗಿಂತಲೂ ಸರಿಯಾದ ಉತ್ತರ ಅವರಿಂದ ಸಿಗುತ್ತದೆ. ಲೈವ್ ಲೊಕೇಷನ್ ಮನೆಯವರಿಗೋ ಗೆಳತಿಗೋ ಕಳಿಸಿ. ಆದರೆ ಹೆದರಿ ರೂಮಿನಲ್ಲೇ ಕೂರಬೇಡಿ, ಊರು ನೋಡುವ ಹಕ್ಕು ನಿಮಗೂ ಅಷ್ಟೇ ಇದೆ.

ಶನಿವಾರ, ಭಾನುವಾರ ಅಲ್ಲೇ ಉಳಿದರೆ ಬಾಸ್ ಏನಂದುಕೊಳ್ತಾರೋ?

ಮೊದಲೇ ಹೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುಚ್ಚಿಟ್ಟರೆ ಮಾತು ಬರುತ್ತದೆ. ಒಂದು ಸಣ್ಣ ಮೇಲ್ ಸಾಕು: ಶುಕ್ರವಾರ ಕೆಲಸ ಮುಗಿಯುತ್ತದೆ, ನನ್ನ ಖರ್ಚಿನಲ್ಲಿ ಉಳಿದು ಭಾನುವಾರ ಸಂಜೆ ಬರುತ್ತೇನೆ, ಟಿಕೆಟ್ ದರದಲ್ಲಿ ವ್ಯತ್ಯಾಸವಿದ್ದರೆ ನಾನೇ ಕೊಡುತ್ತೇನೆ. ಒಪ್ಪಿಗೆ ಬರವಣಿಗೆಯಲ್ಲೇ ಇರಲಿ. ಶುಕ್ರವಾರ ಸಂಜೆಯ ಟಿಕೆಟ್ ಸಾಮಾನ್ಯವಾಗಿ ದುಬಾರಿ, ಹಾಗಾಗಿ ಎಷ್ಟೋ ಸಲ ಕಂಪನಿಗೇ ಉಳಿತಾಯವಾಗುತ್ತದೆ.

ಹೋಟೆಲಿನಲ್ಲಿ ಎರಡು ಬಿಲ್ ಮಾಡಿಸಿ. ಕೆಲಸದ ರಾತ್ರಿಗಳದ್ದು ಕಂಪನಿಯ ಜಿಎಸ್‌ಟಿ ನಂಬರಿಗೆ, ನಿಮ್ಮದು ನಿಮ್ಮ ಹೆಸರಿಗೆ. ಒಂದೇ ಬಿಲ್ ಆದರೆ ಕ್ಲೈಮ್ ಹಾಕುವಾಗ ಅಕೌಂಟ್ಸ್‌ನವರಿಗೂ ತಲೆನೋವು, ನಿಮಗೂ ತಲೆನೋವು. ಕಂಪನಿಯ ವಿಮೆ ಆ ಎರಡು ದಿನಕ್ಕೂ ಇದೆಯಾ ಎಂದು ಕೇಳಿಕೊಳ್ಳಿ. ಊರು ನೋಡಲು ಹೋದ ಕ್ಯಾಬ್ ಬಿಲ್ಲನ್ನು ಆಫೀಸಿಗೆ ಹಾಕಬೇಡಿ, ಎಷ್ಟು ಸಣ್ಣದಿದ್ದರೂ.

ಸಂಜೆ ಟೀಮ್ ಡಿನ್ನರ್ ತಪ್ಪಿಸಿಕೊಂಡರೆ ಚೆನ್ನಾಗಿರಲ್ಲ ಅಲ್ವಾ?

ಎಲ್ಲವನ್ನೂ ತಪ್ಪಿಸಬೇಡಿ. ಕೆಲಸದ ಸಂಬಂಧ ಬೆಳೆಯುವುದೂ ಆ ಟೇಬಲ್ಲಿನಲ್ಲೇ. ಬದಲಿಗೆ ಜಾಗ ನೀವು ಸೂಚಿಸಿ. ಹೋಟೆಲಿನ ಕೆಳಗಿನ ರೆಸ್ಟೋರೆಂಟ್ ಬೇಡ, ಊರೊಳಗಿನ ಹಳೇ ಜಾಗಕ್ಕೆ ಹೋಗೋಣ ಅನ್ನಿ. ಅಲ್ಲಿನ ಸಹೋದ್ಯೋಗಿಗಳನ್ನು ಕೇಳಿದರೆ ಅವರು ಹೆಮ್ಮೆಯಿಂದ ಕರೆದುಕೊಂಡು ಹೋಗುತ್ತಾರೆ. “ನೀವು ಚಿಕ್ಕವರಿದ್ದಾಗ ಎಲ್ಲಿ ತಿಂತಿದ್ರಿ?” ಎಂದು ಕೇಳಿ ನೋಡಿ.

ಕೊನೆಯ ದಿನ ಬ್ಯಾಗ್ ಹೊತ್ತು ತಿರುಗೋದು ಹೇಗೆ?

ಚೆಕ್ ಔಟ್ ಆದ ಮೇಲೂ ಹೋಟೆಲಿನವರು ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಕೇಳಬೇಕು ಅಷ್ಟೇ. ದೊಡ್ಡ ರೈಲು ನಿಲ್ದಾಣಗಳಲ್ಲಿ ಕ್ಲೋಕ್ ರೂಮ್ ಇದೆ. ಬ್ಯಾಗಿಗೆ ಬೀಗ ಇರಬೇಕು, ಟಿಕೆಟ್ ತೋರಿಸಬೇಕು. ಆಫೀಸ್ ಲ್ಯಾಪ್‌ಟಾಪನ್ನು ಮಾರ್ಕೆಟ್ಟಿಗೆ ಒಯ್ಯಬೇಡಿ.

ಫಾರಿನ್ ಟ್ರಿಪ್‌ನಲ್ಲಿ ಜೆಟ್ ಲ್ಯಾಗ್‌ನಿಂದ ತಲೆ ಎತ್ತೋಕೇ ಆಗಲ್ಲ. ಏನು ಮಾಡಲಿ?

ಅದನ್ನೇ ಬಳಸಿಕೊಳ್ಳಿ. ಇಲ್ಲಿಂದ ಯುರೋಪಿಗೆ ಹೋದರೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ. ಹಾಸಿಗೆಯಲ್ಲಿ ಹೊರಳುವ ಬದಲು ಬೆಳಕಾದ ತಕ್ಷಣ ಹೊರಡಿ. ಜರ್ಮನಿಗೆ ಬೇಸಿಗೆಯಲ್ಲಿ ಹೋದರೆ ಇನ್ನೊಂದು ಲಾಭ. ಫ್ರಾಂಕ್‌ಫರ್ಟ್‌ನಲ್ಲಿ ಜೂನ್ ತಿಂಗಳು ರಾತ್ರಿ ಒಂಬತ್ತೂವರೆವರೆಗೂ ಸೂರ್ಯ ಇರುತ್ತಾನೆ, ಐದಕ್ಕೆ ಆಫೀಸ್ ಬಿಟ್ಟರೆ ಕೈಯಲ್ಲಿ ಇನ್ನೊಂದು ಅರ್ಧ ದಿನ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ತಿನ್ನುವುದನ್ನು ಶನಿವಾರವೇ ತಂದಿಡಿ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು, ಆಗ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಡೆಯಿರಿ. ಸಿಂಗಾಪುರದಲ್ಲಿ ವರ್ಷವಿಡೀ ಸೂರ್ಯ ಏಳರ ಆಸುಪಾಸಿನಲ್ಲಿ ಹುಟ್ಟಿ ಏಳರ ಆಸುಪಾಸಿನಲ್ಲೇ ಮುಳುಗುತ್ತಾನೆ, ಅಲ್ಲಿ ಸಣ್ಣ ಸಣ್ಣ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಹಾಕರ್ ಸೆಂಟರ್‌ಗಳೇ ಸಂಜೆಗೆ ಚಂದ.

ದಿನ ಮುಂದುವರಿಸುವುದಾದರೆ ವೀಸಾ ತಾರೀಖು ನೋಡಿಕೊಳ್ಳಿ.

ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ನಾನೊಬ್ಬನೇ ಊರು ಸುತ್ತೋದು ಸರಿ ಅನ್ನಿಸಲ್ಲ.

ಈ ಸಂಕೋಚ ಒಳ್ಳೆಯ ಮನಸ್ಸಿನಿಂದ ಬಂದದ್ದು. ಹಾಗಿದ್ದರೆ ವಾರದ ಕೊನೆ ಮನೆಗೇ ಬನ್ನಿ, ದಿನ ಮುಂದುವರಿಸಬೇಡಿ. ಬೆಳಗಿನ ಎರಡು ಗಂಟೆ ಮಾತ್ರ ಊರಿಗೆ ಕೊಡಿ. ನೀವು ರೂಮಿನಲ್ಲಿ ಮಲಗಿದ್ದರೂ ಆ ಹೊತ್ತು ಮನೆಯವರಿಗೆ ಸಿಗುತ್ತಿರಲಿಲ್ಲ. ಹೂವಿನ ಮಾರ್ಕೆಟ್ಟಿನಿಂದ ಮಗಳಿಗೆ ವಿಡಿಯೊ ಕಾಲ್ ಮಾಡಿ ತೋರಿಸಿ. ಚೆನ್ನಾಗಿದ್ದ ಜಾಗ ಗುರುತಿಟ್ಟುಕೊಳ್ಳಿ, ಬೇಸಿಗೆ ರಜೆಯಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಲು ದಾರಿ ನಿಮಗೆ ಗೊತ್ತಿರುತ್ತದೆ.

ಪ್ರತಿ ತಿಂಗಳೂ ಅದೇ ಊರಿಗೆ ಹೋಗ್ತೀನಿ. ಇನ್ನೇನು ನೋಡಲಿ?

ನಿಮ್ಮಷ್ಟು ಪುಣ್ಯವಂತರು ಯಾರೂ ಇಲ್ಲ. ಪ್ರವಾಸಕ್ಕೆ ಬಂದವರು ಎರಡು ದಿನದಲ್ಲಿ ಓಡಬೇಕು, ನಿಮಗೆ ಆ ಊರಿನ ಮಳೆ, ಚಳಿ, ಹಬ್ಬ ಎಲ್ಲ ಸಿಗುತ್ತದೆ. ಪ್ರತಿ ಸಲ ಒಂದು ಹೊಸ ಬೀದಿ ಹಿಡಿಯಿರಿ. ಒಂದು ಕಾಫಿ ಅಂಗಡಿಗೆ ಮಾತ್ರ ಪ್ರತಿ ಸಲವೂ ಹೋಗಿ. ನಾಲ್ಕನೇ ಸಲಕ್ಕೆ ಅಂಗಡಿಯವರು ಗುರುತು ಹಿಡಿಯುತ್ತಾರೆ, ಆಮೇಲೆ ನೋಡಬೇಕಾದ ಜಾಗಗಳನ್ನು ಅವರೇ ಹೇಳುತ್ತಾರೆ.

ಬೇರೆ ಊರಿನಿಂದ ಕೆಲಸಕ್ಕೆ ಬೆಂಗಳೂರಿಗೆ ಬಂದವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ವೈಟ್‌ಫೀಲ್ಡ್‌ನ ಮಾಲ್‌ಗೆ ಬೇಡ. ಅವರ ಊರಿನಲ್ಲೂ ಅದೇ ಮಾಲ್ ಇದೆ. ಬೆಳಗ್ಗೆ ಆರಕ್ಕೆ ಲಾಲ್‌ಬಾಗ್ ತೆರೆಯುತ್ತದೆ. ಕೆಂಪೇಗೌಡ ಗೋಪುರದ ಬಂಡೆ ಹತ್ತಿಸಿ, ಕಾಲ ಕೆಳಗಿರುವ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಹೇಳಿ. ಅಲ್ಲಿಂದ ಬಸವನಗುಡಿ, ದೊಡ್ಡ ಗಣೇಶ, ದೊಡ್ಡ ಬಸವ, ಕಡಲೆಕಾಯಿ ಪರಿಷೆಯ ದಿನಗಳಾದರೆ ಇನ್ನೂ ಒಳ್ಳೆಯದು. ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ತಿನ್ನಿಸಿ, ಹೂವಿನ ಅಂಗಡಿಗಳ ಮುಂದೆ ನಡೆಸಿ. ವಾಪಸ್ ಹೋಗಲು ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಿಂದ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಪರ್ಪಲ್ ಲೈನಿಗೆ ಬದಲಾಯಿಸಲು ಹೇಳಿ. ಹತ್ತಕ್ಕೆ ಮೀಟಿಂಗ್ ಇದ್ದರೆ ಎಂಟೂಕಾಲಿಗಾದರೂ ರೈಲು ಹತ್ತಿಸಿ.